ಮಳೆ ಹಿಡಿದ ಮೇಲೆ ಅಡೇನಿಯಂ ಗೆಲ್ಲು ಸವರಬೇಡಿ

ಮಾನ್ಯ ಸಂಪಾದಕರೆ,

‘ಮಳೆ ಬಿದ್ದ ಕೂಡಲೇ ಅಡೇನಿಯಂ ಗೆಲ್ಲು ಸವರಿ, ದಟ್ಟವಾಗಿ ಚಿಗುರುತ್ತದೆ’ ಎಂಬ ಸಲಹೆ ಕೈತೋಟದ ಅಂಕಣಗಳಲ್ಲೂ ನರ್ಸರಿಗಳಲ್ಲೂ ಪ್ರತಿವರ್ಷ ಕೇಳಿಬರುತ್ತದೆ. ಚಿತ್ರದುರ್ಗ, ಬಳ್ಳಾರಿಯಂಥ ಒಣ ಸೀಮೆಗೆ ಅದು ನಡೆದೀತು. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಗೆ, ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ಇದೇ ಮಾತು ಹೇಳಿದರೆ ಗಿಡದ ಆಯುಷ್ಯ ಆ ವರ್ಷಕ್ಕೇ ಮುಗಿಯುತ್ತದೆ. ಮಲೆನಾಡಿನಲ್ಲಿ ಹತ್ತು ಹದಿನೈದು ವರ್ಷ ಬಾಳಬೇಕಾದ ಗಿಡಗಳು ಹೀಗೆ ಕೊಳೆತು ಹೋಗುವುದು ನಿಜಕ್ಕೂ ಸಂಕಟದ ವಿಷಯ.

ಮರುಭೂಮಿ ಗುಲಾಬಿ ಎಂದು ಮಾರಿದರೂ ಇದು ಗುಲಾಬಿಯ ಜಾತಿಯಲ್ಲ, ನಮ್ಮ ಕಣಗಿಲೆ, ದೇವಕಣಗಿಲೆಯ ಬಳಗದ್ದು. ಸಹಾರಾದ ದಕ್ಷಿಣದ ಅಂಚು, ಪೂರ್ವ ಆಫ್ರಿಕ, ಅರೇಬಿಯ ಇದರ ತವರು. ಯೆಮನ್‌ನ ಏಡನ್ ಊರಿನಿಂದ ಹೆಸರು ಬಂತು. ಡೊಳ್ಳು ಹೊಟ್ಟೆಯಂಥ ಬುಡ ಇದಕ್ಕೆ ನೀರಿನ ಚೀಲ. ಮಳೆಯಿಲ್ಲದ ತಿಂಗಳುಗಳನ್ನು ಅದರಿಂದಲೇ ದಾಟುತ್ತದೆ. ಅಂಥ ನೀರುಗಟ್ಟಿದ ಮೆತ್ತನೆ ತಿರುಳಿನ ಗಿಡಕ್ಕೆ ಜೂನ್, ಜುಲೈನಲ್ಲಿ ಕತ್ತರಿ ಹಾಕಿದರೆ ಗಾಯ ಒಣಗುವುದೇ ಇಲ್ಲ. ಶಿಲೀಂಧ್ರ ಗಾಯದಿಂದ ಒಳಗಿಳಿದು, ವಾರ ಎರಡು ವಾರದಲ್ಲಿ ಬುಡ ಮುಟ್ಟುತ್ತದೆ.

ನಮ್ಮಲ್ಲಿ ಸವರಲು ಸರಿಯಾದ ಕಾಲ ಶಿವರಾತ್ರಿಗೆ ಚಳಿ ಹಿಂದೆ ಸರಿದ ಮೇಲೆ, ಯುಗಾದಿಯ ಒಳಗೆ. ಆಗ ಬಿಸಿಲು ಇರುತ್ತದೆ, ಗಾಳಿ ಒಣಗಿರುತ್ತದೆ, ಗಾಯ ನಾಲ್ಕೈದು ದಿನದಲ್ಲಿ ಬಿರುಸಾಗುತ್ತದೆ. ಅಡೇನಿಯಂ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮಾರ್ಚ್ ಮೊದಲಲ್ಲಿ ಸವರಿದರೆ ಆರರಿಂದ ಎಂಟು ವಾರಕ್ಕೆ, ಅಂದರೆ ಮಳೆಗೆ ಮೊದಲೇ, ಮೊಗ್ಗು ಕಾಣುತ್ತದೆ.

ಸವರುವ ಐದು ದಿನ ಮೊದಲೇ ನೀರು ನಿಲ್ಲಿಸಿ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ. ಪ್ರತಿ ಗೆಲ್ಲನ್ನೂ ಕವಲಿನಿಂದ ಎರಡು ಮೂರು ಇಂಚು ಬಿಟ್ಟು, ಹೊರಮುಖದ ಎಲೆಗುರುತಿನಿಂದ ಅರ್ಧ ಇಂಚು ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಿ. ಎಲ್ಲ ಗೆಲ್ಲುಗಳನ್ನೂ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರಬೇಕು. ಮೊಗ್ಗಿದೆ ಎಂದು ಒಂದನ್ನು ಉಳಿಸಿದರೆ ಶಕ್ತಿಯೆಲ್ಲ ಅದಕ್ಕೇ ಹರಿದು, ಸವರಿದವು ಮೊಂಡಾಗಿ ನಿಲ್ಲುತ್ತವೆ.

ಕಸಿ ಗಿಡದಲ್ಲಿ ಜನ ಎಡವುವುದು ಇಲ್ಲಿಯೇ. ಥಾಯ್ಲೆಂಡ್, ತೈವಾನ್ ಮೂಲದ ಸುತ್ತುಸುತ್ತಿನ ದಳದ ತಳಿಗಳನ್ನು ಬೀಜದಿಂದ ಬಂದ ಸಾದಾ ಬುಡದ ಮೇಲೆ ಕಸಿ ಕಟ್ಟಿರುತ್ತಾರೆ. ತೊಗಟೆಯ ಬಣ್ಣ ಬದಲಾಗುವ, ಸ್ವಲ್ಪ ಉಬ್ಬಿದ ಗಂಟೇ ಕಸಿಯ ಜಾಗ. ಅದಕ್ಕಿಂತ ಮೂರು ಇಂಚಾದರೂ ಮೇಲೆ ಕತ್ತರಿಸಿ. ಕೆಳಗೆ ಹೋದರೆ ಮುಂದಿನ ಸಲ ಐದೆಸಳಿನ ಸಾದಾ ಗುಲಾಬಿ ಬಣ್ಣದ ಹೂವೇ ಗತಿ. ‘ನರ್ಸರಿಯವರು ಮೋಸ ಮಾಡಿದರು’ ಎಂಬ ದೂರುಗಳಲ್ಲಿ ಹಲವು ಹೀಗೆ ಹುಟ್ಟಿದವು. ಗಂಟಿನ ಕೆಳಗೆ ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಕೈಯಿಂದ ಚಿವುಟಿ ತೆಗೆಯುತ್ತಿರಬೇಕು.

ಗಾಯಕ್ಕೆ ಹಚ್ಚಲು ಪೇಟೆಯ ಔಷಧ ಹುಡುಕಬೇಕಿಲ್ಲ. ಅಡಿಕೆ ಇರುವ ಮನೆಯಲ್ಲಿ ಕೊಳೆರೋಗಕ್ಕೆ ತಂದ ಮೈಲುತುತ್ತ, ಸುಣ್ಣ ಉಳಿದೇ ಇರುತ್ತದೆ. 10 ಗ್ರಾಂ ಮೈಲುತುತ್ತವನ್ನು 50 ಮಿ.ಲೀ. ನೀರಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನೊಂದು 50 ಮಿ.ಲೀ. ನೀರಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕದಡಿ, ಎರಡನ್ನೂ ಸೇರಿಸಿದರೆ ಬೋರ್ಡೋ ಪೇಸ್ಟ್ ಆಯಿತು. ಕಬ್ಬಿಣದ ಪಾತ್ರೆ ಬೇಡ, ಮಾಡಿದ ದಿನವೇ ಬಳಸಿ. ಮೊದಲು ಒಸರುವ ಹಾಲನ್ನು ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಅದು ನಿಂತ ಮೇಲೆ ಬ್ರಷ್‌ನಲ್ಲಿ ಹಚ್ಚಿ. ಹಾಲಿನ ಮೇಲೆಯೇ ಬಳಿದರೆ ಪೇಸ್ಟ್ ಸಿಪ್ಪೆಯಂತೆ ಎದ್ದು ಬರುತ್ತದೆ. ಮುಂದಿನ ಐದು ದಿನ ನೀರಿಲ್ಲ. ಚಿಗುರು ಕಾಣುವವರೆಗೂ ಕಡಿಮೆ ನೀರೇ ಸಾಕು, ಎಲೆಯಿಲ್ಲದ ಗಿಡ ಕುಡಿಯುವುದು ಅಷ್ಟಕ್ಕಷ್ಟೆ.

ಮಣ್ಣಿನ ವಿಷಯದಲ್ಲಿ ನಮ್ಮ ಕೆಂಪು ಜೇಡಿಯೂ ತರಗೆಲೆ ಗೊಬ್ಬರವೂ ಇದಕ್ಕೆ ಆಗಿಬರುವುದಿಲ್ಲ. ನರ್ಸರಿಯಿಂದ ಬರುವ ತೆಂಗಿನ ನಾರಿನ ಪುಡಿಯಂತೂ ಮಳೆಗಾಲದಲ್ಲಿ ಒದ್ದೆ ಚಿಂದಿಯಂತೆ ಬೇರಿಗೆ ಅಂಟಿರುತ್ತದೆ. ಅದನ್ನು ಪೂರ್ತಿ ಉದುರಿಸಿ. ತೊಳೆದ ದಪ್ಪ ಮರಳು ಎರಡು ಪಾಲು, ಇಟ್ಟಿಗೆ ಚೂರು ಒಂದು, ಸುಟ್ಟ ಭತ್ತದ ಹೊಟ್ಟು ಒಂದು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು. ಕುಂಡಕ್ಕೆ ನೀರು ಹೊಯ್ದು ಹತ್ತು ಎಣಿಸುವುದರೊಳಗೆ ಮೇಲೆ ನಿಂತ ನೀರು ಇಂಗಬೇಕು. ಡೊಳ್ಳು ಬುಡದ ಅರ್ಧವಾದರೂ ಮಣ್ಣಿನಿಂದ ಮೇಲಿರಲಿ. ಕುಂಡದ ಕೆಳಗಿನ ತಟ್ಟೆ ತೆಗೆದು, ಎರಡು ಇಟ್ಟಿಗೆಯ ಮೇಲೆ ಕೂರಿಸಿ.

ಮೃಗಶಿರ ಮಳೆಗೆ ಮೊದಲು ಗಿಡ ಸೂರಿನಡಿ ಬರಬೇಕು, ಹಸ್ತ ಮಳೆ ಮುಗಿದ ಮೇಲೆ ಹೊರಗೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದ್ದವರಿಗೆ ಇದು ಸುಲಭ. ಕೊಯ್ಲು ಶುರುವಾಗುವವರೆಗೆ ಅದು ಖಾಲಿ, ಬೆಳಕು ಬರುತ್ತದೆ, ಹನಿ ಬೀಳುವುದಿಲ್ಲ. ಎರಡೂ ಬದಿ ತೆರೆದು ಗಾಳಿ ಆಡಲು ಬಿಡಿ. ಕುಂಡ ಎತ್ತಿದಾಗ ಹಗುರವೆನಿಸಿದರೆ ಮಾತ್ರ ಒಂದು ಲೋಟ ನೀರು.

ಎಲೆ ಹಳದಿಯಾದಾಗ ಬಾಯಾರಿಕೆಯೋ ಕೊಳೆಯೋ ಎಂದು ತಿಳಿಯಲು ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಸುತ್ತಲೂ ಒಂದೇ ಸಮ ಸುಕ್ಕಾಗಿ ಮೆತ್ತಗಿದ್ದು ಕುಂಡ ಹಗುರವಾಗಿದ್ದರೆ ಬಾಯಾರಿಕೆ. ಒಂದೇ ಕಡೆ ಬೆರಳು ಒಳಗೆ ಹೋಗಿ, ನೀರು ಜಿನುಗಿ ವಾಸನೆ ಬಂದರೆ ಕೊಳೆ. ಆಗ ನೀರು ಹೊಯ್ದರೆ ಗಿಡ ಕೈಬಿಟ್ಟಂತೆ. ಕೂಡಲೇ ಕಿತ್ತು, ಕೊಳೆತದ್ದನ್ನು ಚಾಕುವಿನಿಂದ ಕೆತ್ತುತ್ತ ಹೋಗಿ. ಬಿಳಿ ತಿರುಳಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಉಳಿದರೂ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಪೇಸ್ಟ್ ಹಚ್ಚಿ, ಗಾಳಿಯಾಡುವ ನೆರಳಲ್ಲಿ ಹತ್ತು ಹದಿನೈದು ದಿನ ತಲೆಕೆಳಗಾಗಿ ತೂಗುಹಾಕಿ. ಗಾಯ ಗಟ್ಟಿಯಾದ ಮೇಲೆ ನೆಟ್ಟರೆ ಬೇರು ಬಿಡುವ ಸಾಧ್ಯತೆ ಇದೆ.

ಈ ಹಾಲು ವಿಷ. ಆಫ್ರಿಕದಲ್ಲಿ ಬಾಣದ ತುದಿಗೆ ಇದರ ರಸ ಹಚ್ಚುತ್ತಿದ್ದರು. ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ತಾಗಿಸಬೇಡಿ. ಸವರಿದ ಗೆಲ್ಲುಗಳನ್ನು ದನ ಬಾಯಿ ಹಾಕುವಲ್ಲಿ ಬಿಸಾಡದೆ ಗುಂಡಿ ತೋಡಿ ಹೂಳಿ.

ನರ್ಸರಿಯವರಲ್ಲಿ, ಫಲಪುಷ್ಪ ಪ್ರದರ್ಶನದಲ್ಲಿ ಮಳಿಗೆ ಹಾಕುವವರಲ್ಲಿ ಒಂದು ಕೋರಿಕೆ: ಗಿಡದ ಚೀಟಿಯಲ್ಲಿ ಕಸಿಯೋ ಬೀಜದ್ದೋ ಎಂಬುದನ್ನೂ, ಜೂನ್‌ನಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಸೂರಿನಡಿ ಇಡಬೇಕು ಎಂಬುದನ್ನೂ ದಯವಿಟ್ಟು ಬರೆಯಿರಿ. ತಮ್ಮ ಪತ್ರಿಕೆಯೂ ಗಿಡ ಸವರುವ ತಿಂಗಳನ್ನು ಹೇಳುವಾಗ ಮಲೆನಾಡಿನದನ್ನು ಬೇರೆಯಾಗಿಯೇ ಕೊಡಬೇಕೆಂದು ವಿನಂತಿ.

ಇಂತಿ,
ಹೂಗಿಡ ಬೆಳೆಗಾರರು
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ