ಬೂಟಿನ ಲೇಸಲ್ಲ, ಬೂಟಿನ ಕುಣಿಕೆ

ಮಾನ್ಯ ಸಂಪಾದಕರೇ,

ಕಷ್ಟಪಟ್ಟು ಮೇಲೆ ಬಂದವರ ಕುರಿತ ಅನುವಾದಿತ ಬರಹಗಳಲ್ಲಿ ‘ಬೂಟಿನ ಲೇಸು ಹಿಡಿದು ತನ್ನನ್ನು ಮೇಲೆತ್ತಿಕೊಂಡ’ ಎಂಬಂಥ ವಾಕ್ಯ ನುಸುಳುವುದುಂಟು. ಮೂಲದಲ್ಲಿರುವುದು ‘ಪುಲ್ ಯುವರ್‌ಸೆಲ್ಫ್ ಅಪ್ ಬೈ ಯುವರ್ ಬೂಟ್‌ಸ್ಟ್ರ್ಯಾಪ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟು. ಬೂಟ್‌ಸ್ಟ್ರ್ಯಾಪ್ ಎಂದರೆ ಲೇಸಲ್ಲ. ಎತ್ತರದ ಬೂಟಿನ ಬಾಯಂಚಿಗೆ ಹೊಲಿದ ಚರ್ಮದ ಅಥವಾ ಬಟ್ಟೆಯ ಕುಣಿಕೆ. ಅದಕ್ಕೆ ಬೆರಳು ತೂರಿಸಿ ಎಳೆದರೆ ಬೂಟು ಕಾಲಿಗೇರುತ್ತದೆ, ಅದರ ಕೆಲಸ ಅಷ್ಟೇ.

ಅದನ್ನೆಳೆದು ನೆಲ ಬಿಟ್ಟು ಏಳುವುದು ಆಗದ ಮಾತು. ಕೈ ಎಷ್ಟು ಬಲದಿಂದ ಬೂಟನ್ನು ಮೇಲಕ್ಕೆಳೆಯುತ್ತದೋ ಅಷ್ಟೇ ಬಲದಿಂದ ಬೂಟು ಕೈಯನ್ನೂ ಭುಜವನ್ನೂ ಕೆಳಕ್ಕೆ ಜಗ್ಗುತ್ತದೆ. ಲೆಕ್ಕ ಸೊನ್ನೆ. 60 ಕಿಲೋ ತೂಗುವವರು ತೂಕದ ಯಂತ್ರದ ಮೇಲೆ ನಿಂತು ಒಂದೇ ಸಮ ಎಳೆದರೂ ಮುಳ್ಳು 60ರಲ್ಲೇ ಇರುತ್ತದೆ. ಕುಣಿಕೆ ಕಿತ್ತು ಬಂದೀತು, ಅಷ್ಟೇ.

ನುಡಿಗಟ್ಟಿನ ಬೇರು ಇರುವುದೂ ಈ ಗೇಲಿಯಲ್ಲೇ. ತನ್ನಷ್ಟಕ್ಕೆ ಸದಾ ಓಡುವ ಯಂತ್ರ ಕಂಡುಹಿಡಿದೆ ಎಂದವನೊಬ್ಬನನ್ನು 1834ರಲ್ಲಿ ಅಮೆರಿಕದ ಪತ್ರಿಕೆಯೊಂದು, ಇನ್ನು ಈತ ಬೂಟಿನ ಕುಣಿಕೆ ಹಿಡಿದೇ ಕಂಬರ್‌ಲ್ಯಾಂಡ್ ನದಿ ದಾಟಿಯಾನು ಎಂದು ಅಣಕಿಸಿತ್ತು. ಅಸಾಧ್ಯವನ್ನು ಸೂಚಿಸುತ್ತಿದ್ದ ಮಾತು ಬರಬರುತ್ತ ‘ಯಾರ ಹಂಗೂ ಇಲ್ಲದೆ ಮೇಲೆ ಬಂದ’ ಎಂಬ ಮೆಚ್ಚುಗೆಯಾಯಿತು. ಹಳೆಯ ಕೊಂಕು ಮಾತ್ರ ಸತ್ತಿಲ್ಲ. ‘ನಿನ್ನ ಬಲದಿಂದಲೇ ಮೇಲೆ ಬಾ’ ಎಂದು ಬಡವರಿಗೆ ಸಿಗುವ ಉಪದೇಶದ ಬಗ್ಗೆ ಇಂಗ್ಲಿಷ್ ಅಂಕಣಕಾರರು ಬರೆದಾಗ, ಬಹಳ ಸಲ ಅವರು ಉಪದೇಶಕರನ್ನೇ ಚುಚ್ಚುತ್ತಿರುತ್ತಾರೆ.

ಹಾಗಾಗಿ ಅನುವಾದಿಸುವ ಮೊದಲು ಧಾಟಿ ಹಿಡಿಯಬೇಕು. ಮೆಚ್ಚುಗೆಯಿದ್ದರೆ ‘ಸ್ವಂತ ಬಲದಿಂದ ಮೇಲೆ ಬಂದರು’ ಸರಿ. ‘ತಮ್ಮ ಕಾಲ ಮೇಲೆ ತಾವು ನಿಂತರು’ ಹತ್ತಿರದ್ದೇ, ಆದರೆ ಅದರಲ್ಲಿ ಏರಿದ ಎತ್ತರ ಕಾಣದು. ವ್ಯಂಗ್ಯವಿದ್ದರೆ ‘ಏಣಿ ಕೊಡದೆ ಅಟ್ಟ ಹತ್ತು ಎಂದಂತೆ’ ಎನ್ನಬಹುದು. ‘ಬೂಟ್‌ಸ್ಟ್ರ್ಯಾಪ್ಡ್’ ಸ್ಟಾರ್ಟ್‌ಅಪ್ ಎಂದರೆ ಹೂಡಿಕೆದಾರರ ಹಣವಿಲ್ಲದೆ, ಕೈಯಿಂದ ಹಾಕಿ ಕಟ್ಟಿದ್ದು. ಕಂಪ್ಯೂಟರ್ ‘ಬೂಟ್’ ಆಗುವುದೂ ಇದರ ಸಂತಾನವೇ: ಆನ್ ಮಾಡಿದಾಗ ಪುಟ್ಟ ಪ್ರೋಗ್ರಾಂ ಮೊದಲೆದ್ದು, ದೊಡ್ಡದನ್ನು ಎಬ್ಬಿಸುತ್ತದೆ.

ಇಂಗ್ಲಿಷಿನಲ್ಲೇ ಬರೆಯುವವರು ಈ ನುಡಿಗಟ್ಟಿನಲ್ಲಿ ‘ಬೂಟ್‌ಸ್ಟ್ರ್ಯಾಪ್ಸ್’ ಎಂದು ಬಹುವಚನವನ್ನೇ ಬಳಸಲಿ. ‘ಹರ್‌ಸೆಲ್ಫ್’ ಎಂದರೆ ಮುಂದೆ ‘ಹರ್’ ಬರಬೇಕು, ‘ಹಿಸ್’ ಅಲ್ಲ. ಇನ್ನು, ಅಪ್ಪನ ಅಂಗಡಿಯೋ ಅಣ್ಣನ ಜಾಮೀನೋ ಬೆನ್ನಿಗಿದ್ದವರಿಗೆ ಇದು ಹೊಂದದು. ಅವರಿಗೆ ‘ವರ್ಕ್‌ಡ್ ಹಿಸ್ ವೇ ಅಪ್’ ಎಂದರೆ ಸಾಕು.

– ಒಬ್ಬ ಓದುಗ