ಒಳಗಿನ ಫೋಟಾನಿನ ಲೆಕ್ಕ ಮೊದಲು ಹಾಕು

ದಾವಣಗೆರೆ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕ್ವಾಂಟಂ ರಿಪೀಟರ್ ನಕ್ಷೆ ನೋಡಿದೆ, ದೂರದ ಎರಡು ಊರುಗಳ ನಡುವೆ ಫೋಟಾನುಗಳ (ಬೆಳಕಿನ ಕಣಗಳ) ಕ್ವಾಂಟಂ ನಂಟನ್ನು ತುಂಡು ತುಂಡಾಗಿ ಜೋಡಿಸಿ ಮುಟ್ಟಿಸುವಂಥದ್ದು. ಕ್ವಾಂಟಂ ಸ್ಥಿತಿ ಕೂಡಿಡುವ ಮೆಮೊರಿ ಇಲ್ಲದೆ ಬರೀ ಬೆಳಕಿನಲ್ಲೇ ಮಾಡುವ ದಾರಿ, 2015ರಲ್ಲಿ ಅಜುಮಾ, ತಮಾಕಿ, ಲೋ ತೋರಿಸಿದ್ದು. ಒಳ್ಳೆಯ ಆಯ್ಕೆ. ಆದರೆ ಲಾಸ್ ಲೆಕ್ಕವನ್ನು, ಅಂದರೆ ದಾರಿಯಲ್ಲಿ ಎಷ್ಟು ಬೆಳಕು ಕಳೆಯುತ್ತೆ ಅನ್ನೋದನ್ನು, ಕೊನೇ ಪುಟಕ್ಕೆ ತಳ್ಳಿದ್ದೀಯ, ಅದು ಮೊದಲ ಪುಟಕ್ಕೆ ಬರಲಿ.

1550 ನ್ಯಾನೋಮೀಟರ್ ಬೆಳಕು ಫೈಬರಿನಲ್ಲಿ ಕಿಲೋಮೀಟರಿಗೆ 0.2 ಡಿಬಿ (ಡೆಸಿಬೆಲ್; 10 ಡಿಬಿ ಹೋದರೆ ಹತ್ತರಲ್ಲೊಂದು ಉಳಿಯುತ್ತೆ) ಕಳೆದುಕೊಳ್ಳುತ್ತೆ. ಇಲ್ಲಿಂದ ಚಿತ್ರದುರ್ಗಕ್ಕೆ 60 ಕಿ.ಮೀ. ಹಿಡಿದರೆ 12 ಡಿಬಿ. 16 ಫೋಟಾನಿಗೆ ಒಂದು ಮುಟ್ಟುತ್ತೆ. ಅಷ್ಟಕ್ಕೆಲ್ಲ ರಿಪೀಟರ್ ಬೇಡ. 1000 ಕಿ.ಮೀ.ಗೆ 200 ಡಿಬಿ: ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ಬಿಟ್ಟರೂ ಒಂದು ಮುಟ್ಟೋಕೆ 300 ವರ್ಷ ಬೇಕು.

ನಿನ್ನದು 400 ಕಿ.ಮೀ., ತಲಾ 4 ಕಿ.ಮೀ.ನ ನೂರು ತುಂಡು. ತುಂಡಿನ ಎರಡೂ ಕಡೆಯ ಸ್ಟೇಷನ್ನಿಂದ ಹೊರಗಿನ ಫೋಟಾನ್ 2 ಕಿ.ಮೀ. ಬಂದು ನಡುವೆ ಸೇರಬೇಕು. ಡಿಟೆಕ್ಟರ್ 95% ಅಂತಿಟ್ಟರೆ ಎರಡೂ ಸಿಗುವ ಸಾಧ್ಯತೆ 75%. ಬೀಮ್ ಸ್ಪ್ಲಿಟರ್‌ನ ಬೆಲ್ ಅಳತೆ (ಎರಡು ಫೋಟಾನುಗಳನ್ನು ಒಟ್ಟಿಗೆ ಅಳೆದು ನಂಟು ಹಾಕೋದು) ಅದರಲ್ಲೂ ಅರ್ಧವೇ ಗೆಲ್ಲೋದು, ಹಾಗಾಗಿ ಜೋಡಿಗೆ 37.5%. ಸ್ಟೇಷನ್ನಿನ ಒಂದೊಂದು ಕಡೆಗೆ 8 ತೋಳು ಹಾಕಿದ್ದೀಯ; ತೋಳು ಅಂದರೆ ಒಂದು ಹೊರ ಫೋಟಾನ್, ಅದಕ್ಕೆ ಹೆಣೆದ ಒಂದು ಒಳ ಕ್ಯೂಬಿಟ್ (ಕ್ವಾಂಟಂ ಮಾಹಿತಿಯ ಒಂದು ಘಟಕ). ಒಂದು ತುಂಡು ಸೋಲೋದು 2.3% ಅಷ್ಟೇ. ಆದರೆ ನೂರೂ ಒಟ್ಟಿಗೆ ಗೆಲ್ಲಬೇಕಲ್ಲ, ಅಲ್ಲಿಗೆ ಉಳಿಯೋದು ಸುಮಾರು 10%. ತೋಳು 16 ಮಾಡು, 95% ಆಗುತ್ತೆ.

ಇಷ್ಟು ಎಲ್ಲರೂ ನೋಡುತ್ತಾರೆ. ಕೆಲಸ ಕೆಡೋದು ಒಳಗಿನ ಫೋಟಾನಿನಲ್ಲಿ. ಯಾವ ತೋಳು ಗೆದ್ದಿತೋ ಅದರ ಒಳ ಕ್ಯೂಬಿಟ್ಟನ್ನು ನಂಟು ಮುಂದಕ್ಕೆ ಜೋಡಿಸುವ ಅಳತೆಯಾದ ಎಕ್ಸ್‌ನಲ್ಲಿ, ಮಿಕ್ಕವನ್ನೆಲ್ಲ ನಂಟು ಕತ್ತರಿಸುವ ಅಳತೆಯಾದ ಝಡ್‌ನಲ್ಲಿ ಅಳೀಬೇಕು. ಸ್ಟೇಷನ್ನಿಗೆ 32 ತೋಳು, ಒಟ್ಟು 3200 ಅಳತೆ; ಹತ್ತು ಸಾವಿರಕ್ಕೊಂದು ತಪ್ಪಿದರೂ ನಿನ್ನ 95%ರಲ್ಲಿ ಕಾಲುಭಾಗ ಹೋಯಿತು. ಅದಕ್ಕೇ, ಕೆಲವು ಕಳೆದರೂ ಮಾಹಿತಿ ಉಳಿಯಲಿ ಅಂತ, ಪ್ರತಿ ಒಳ ಕ್ಯೂಬಿಟ್ಟನ್ನೂ ಹಲವು ಫೋಟಾನುಗಳ ಮರದ ಕೋಡ್‌ನಲ್ಲಿ ಇಡೋದು. ಮರ ತಡೆಯೋದು 50% ನಷ್ಟದವರೆಗೆ, ಅಂದರೆ 3 ಡಿಬಿ. ಆ ಗಡಿ ಹತ್ತಿರ ಬಂದಷ್ಟೂ ಮರಕ್ಕೆ ಬೇಕಾದ ಫೋಟಾನುಗಳು ಸಿಕ್ಕಾಪಟ್ಟೆ ಬೆಳೆಯುತ್ತವೆ.

ಈಗ ಒಂದು ಒಳ ಫೋಟಾನಿನ ನಷ್ಟವನ್ನು ಡಿಬಿಯಲ್ಲಿ ಕೂಡು: ಫೈಬರ್ 0.4, ಡಿಟೆಕ್ಟರ್ 0.22, ಎಕ್ಸೋ ಝಡ್ಡೋ ಅಂತ ತಿರುಗಿಸುವ ಸ್ವಿಚ್ 1, ಫಲಿತಾಂಶ ಬರೋವರೆಗೆ ಒಂದು ಮೈಕ್ರೋಸೆಕೆಂಡ್ ಕಾಯಿಸುವ 200 ಮೀಟರ್ ಸುರುಳಿ 0.04, ಎರಡು ಕನೆಕ್ಟರ್ 0.6. ಒಟ್ಟು 2.26 ಡಿಬಿ, 41% ನಷ್ಟ. ಬಿಚ್ಚಿ ಹಾಕೋಕೆ ಸುಲಭ ಅಂತ ಲ್ಯಾಬಿನಲ್ಲಿ ಕನೆಕ್ಟರ್ ಮೇಲೆ ಎಲ್ಲರಿಗೂ ಪ್ರೀತಿ. ಅವನ್ನು ತೆಗೆದು ಫ್ಯೂಷನ್ ಸ್ಪ್ಲೈಸ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆಯೋದು) ಮಾಡಿಸು. ಎರಡಕ್ಕೂ ಸೇರಿ 0.1, ನಷ್ಟ 33%ಗೆ ಇಳಿಯುತ್ತೆ. ಆಮೇಲೆ ದುಡ್ಡಿದ್ದರೆ ಒಳ್ಳೆ ಸ್ವಿಚ್ಚಿಗೆ ಹಾಕು. 900 ನ್ಯಾನೋಮೀಟರಿನ ಕ್ವಾಂಟಂ ಡಾಟ್ ಮೂಲ (ಒಂದೊಂದೇ ಫೋಟಾನ್ ಬಿಡುವ ಸಣ್ಣ ಚುಕ್ಕೆ) ಮಾತ್ರ ನೇರವಾಗಿ ಜೋಡಿಸಬೇಡ. ಆ ಬೆಳಕಿಗೆ ಕಿ.ಮೀ.ಗೆ 1 ಡಿಬಿಗೂ ಹೆಚ್ಚು ಹೋಗುತ್ತೆ, 3ರ ಗಡಿ ಅಲ್ಲೇ ದಾಟುತ್ತೆ.

ಇನ್ನೊಂದು, ಫೈಬರನ್ನು ಕಂಬದ ಮೇಲೆ ಎಳೆಸಬೇಡ. ಪ್ರತಿ ಕಿ.ಮೀ.ಗೆ ಪ್ರತಿ ಡಿಗ್ರಿಗೆ ಸುಮಾರು 40 ಪಿಕೋಸೆಕೆಂಡ್ ವಿಳಂಬ ಬದಲಾಗುತ್ತೆ. ನಮ್ಮ ಏಪ್ರಿಲ್ ಬಿಸಿಲಿಗೆ ಹಗಲು ರಾತ್ರಿ ನಡುವೆ 10 ಡಿಗ್ರಿ ಏರಿಳಿದರೆ 2 ಕಿ.ಮೀ.ಗೆ 800 ಪಿಕೋಸೆಕೆಂಡ್. ನಿನ್ನ ಪಲ್ಸ್ ಇರೋದೇ 100. ಫೋಟಾನುಗಳು ಒಂದರ ಮೇಲೊಂದು ಬೀಳದಿದ್ದರೆ ಬೆಲ್ ಅಳತೆಗೆ ಅರ್ಥವಿಲ್ಲ, ಡಿಟೆಕ್ಟರ್ ಮಾತ್ರ ಗೆದ್ದ ಹಾಗೇ ಟಿಕ್ ಅನ್ನುತ್ತಿರುತ್ತೆ. ನೆಲದಡಿ ಹಾಕಿಸು, ಜೊತೆಗೆ ಪ್ರತಿ ಸೇರುವ ಜಾಗದಲ್ಲೂ ಹೊಂದಿಸಬಹುದಾದ ಡಿಲೇ ಲೈನ್ ಇರಲಿ.

ತಿದ್ದಿದ ನಕ್ಷೆ ಕಳಿಸು, ಸ್ವಿಚ್ಚಿನ ಅಳತೆ ಮಾಡಿದ ಅಂಕಿ ಸಮೇತ. ಕಂಪನಿ ಕೊಡುವ ಕಾಗದದ ಅಂಕಿ ಬೇಡ.

ಇಂತಿ,
ನಿನ್ನ ದೊಡ್ಡಪ್ಪ