ಗ್ರೀನ್ ಮೇಲಿನ ಆ ಗುಳಿ ಯಾರದು?

ಸಂಪಾದಕರಿಗೆ ನಮಸ್ಕಾರ.

ಹೊಸದಾಗಿ ಗಾಲ್ಫ್ ಕಲಿಯುವವರಿಗಾಗಿ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಕ್ಲಬ್ ಹಿಡಿಯುವ ಬಗೆ, ಕಾಲು ಊರುವ ರೀತಿ, ಭುಜ ತಿರುಗಿಸುವ ಕ್ರಮ ಎಲ್ಲವೂ ಚಿತ್ರಸಮೇತ ಇದ್ದವು. ಆದರೆ ಹೊಡೆದ ಚೆಂಡು ಎಲ್ಲಿ ಬಿತ್ತೋ ಅಲ್ಲಿ ಆಟಗಾರ ಮಾಡಬೇಕಾದ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ. 11 ವರ್ಷ ಕ್ಯಾಡಿಯಾಗಿ ಪರರ ಚೀಲ ಹೊತ್ತವನು ನಾನು. ಆಮೇಲಿನ 23 ವರ್ಷಗಳಿಂದ ಗ್ರೀನ್‌ಗಳ, ಅಂದರೆ ಹೋಲ್ ಸುತ್ತಲಿನ ನುಣುಪು ಹಾಸುಗಳ, ಹುಲ್ಲು ನೋಡಿಕೊಳ್ಳುತ್ತಿದ್ದೇನೆ. ಆ ಕೊರತೆ ಮನಸ್ಸಿಗೆ ಚುಚ್ಚಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕತ್ತಲು ಪೂರ್ತಿ ಕರಗುವ ಮುನ್ನವೇ ನಮ್ಮ ಕೆಲಸ ಶುರುವಾಗುತ್ತದೆ. ಉದ್ದನೆಯ ಬಳುಕುವ ಕೋಲಿನಿಂದ ಗ್ರೀನ್ ಸವರಿ ಮೊದಲು ಇಬ್ಬನಿ ಉದುರಿಸುತ್ತೇವೆ. ಇಬ್ಬನಿ ಸರಿದಂತೆ ಹಿಂದಿನ ದಿನದ ಗುಳಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಚೆಂಡಿನ ತೂಕ 46 ಗ್ರಾಂ ಮೀರುವುದಿಲ್ಲ. ಆದರೆ ಎತ್ತರದಿಂದ ಬಿದ್ದಾಗ, ಮೂರೋ ನಾಲ್ಕೋ ಮಿಲಿಮೀಟರಿಗೆ ಕತ್ತರಿಸಿದ ಹುಲ್ಲನ್ನು ಅದು ಮುಂದಕ್ಕೆ ತಳ್ಳಿ, ಒಂದು ಬದಿಗೆ ಮಡಚಿಬಿಡುತ್ತದೆ. ಮಂಡಿಯೂರಿ ಹತ್ತಿರದಿಂದ ನೋಡಿದರೆ ಹರಿದ ಅಂಚಿನಲ್ಲಿ ಬಿಳಿ ಬೇರಿನ ಎಳೆಗಳು ಕಾಣುತ್ತವೆ. ಆಟಗಾರ ಆಗಲೇ ಸರಿಪಡಿಸಿದ್ದರೆ ಆ ಬೇರು ಮತ್ತೆ ಮಣ್ಣು ಹಿಡಿಯುತ್ತಿತ್ತು, ಎರಡು ಮೂರು ದಿನಗಳಲ್ಲಿ ಗುರುತೇ ಉಳಿಯುತ್ತಿರಲಿಲ್ಲ. ಒಂದು ರಾತ್ರಿ ಕಳೆದರೆ ಎಳೆಗಳು ಒಣಗಿಹೋಗುತ್ತವೆ. ಆಮೇಲೆ ನಾನು ಎಷ್ಟೇ ಉಪಚಾರ ಮಾಡಿದರೂ ಅಲ್ಲೊಂದು ಕಂದು ಕಲೆ ವಾರಗಟ್ಟಲೆ ಕೂತಿರುತ್ತದೆ. ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ 7ನೇ ಗ್ರೀನ್ ಒಂದರಲ್ಲೇ ನಾನು ಎಣಿಸಿದ್ದು 31 ಗುಳಿ.

ಸರಿಪಡಿಸಲು ಎರಡು ಹಲ್ಲಿನ ಪುಟ್ಟ ಫೋರ್ಕ್ ಸಾಕು. ಅದು ಹೆಚ್ಚಿನವರ ಜೇಬಿನಲ್ಲಿ ಇದ್ದೇ ಇರುತ್ತದೆ. ಆದರೆ ತೆಗೆದು ಬಳಸುವವರಲ್ಲೂ ಬಹಳ ಮಂದಿ ಅದನ್ನು ಗುಳಿಯ ಅಡಿಗೆ ತೂರಿಸಿ ಮಣ್ಣನ್ನು ಮೇಲಕ್ಕೆ ಮೀಟುತ್ತಾರೆ. ನೋಡುವುದಕ್ಕೆ ಗುಳಿ ತುಂಬಿದಂತೆ ಕಾಣುತ್ತದೆ, ಒಳಗೆ ಬೇರು ಕತ್ತರಿಸಿಹೋಗಿರುತ್ತದೆ. ದಯವಿಟ್ಟು ಮೀಟಬೇಡಿ. ಗುಳಿಯ ಹೊರ ಅಂಚಿನಲ್ಲಿ, ಹುಲ್ಲು ಹಸಿರಾಗಿರುವ ಕಡೆ ಫೋರ್ಕ್ ಚುಚ್ಚಿ, ಆ ಹುಲ್ಲನ್ನು ಮೆಲ್ಲಗೆ ನಡುವಿಗೆ ದೂಡಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ಮಾಡಿ, ಗಾಯದ ಬಾಯಿಯನ್ನು ಕೂಡಿಸುವ ಹಾಗೆ. ಕೊನೆಗೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ಬಾದ ಪಟ್ಟರ್‌ನ ತಳದಿಂದ ಒಮ್ಮೆ ತಟ್ಟಿ ಮಟ್ಟ ಮಾಡಿ. ಹತ್ತು ಹದಿನೈದು ಸೆಕೆಂಡಿನ ಕೆಲಸ ಅಷ್ಟೇ.

2019ರಲ್ಲಿ ನಿಯಮ ಬದಲಾದ ಮೇಲೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಮೊದಲು ಗ್ರೀನ್ ಮೇಲೆ ಚೆಂಡು ಬಿದ್ದ ಗುಳಿಯನ್ನೂ ಹಳೆಯ ಹೋಲ್ ಮುಚ್ಚಿದ ಗುರುತನ್ನೂ ಮಾತ್ರ ಪಟ್ ಮಾಡುವ, ಅಂದರೆ ಚೆಂಡನ್ನು ಹೋಲ್‌ನತ್ತ ಉರುಳಿಸುವ, ಮುನ್ನ ಸರಿಪಡಿಸಬಹುದಿತ್ತು. ಈಗ ಬೂಟಿನ ಗೀರುಗಳನ್ನೂ ಸರಿಪಡಿಸಬಹುದು. ಹಾಗಾದರೆ ಹಿಂದೆ ಬರುವವರೇ ಮಾಡಿಕೊಳ್ಳಲಿ ಎನ್ನುತ್ತಾರೆ. ಇದು ತಪ್ಪು ಲೆಕ್ಕ. ನಿಯಮ ಅವರಿಗೆ ಅನುಮತಿ ಕೊಟ್ಟಿದೆ ಎಂದರೆ ನಿಮ್ಮ ಕೆಲಸ ಅವರ ಪಾಲಿಗೆ ಹೋಯಿತು ಎಂದರ್ಥವಲ್ಲ. ಮರಳಿನ ಹಳ್ಳವಾದ ಬಂಕರ್‌ನಲ್ಲಂತೂ ಆ ಅನುಮತಿಯೂ ಇಲ್ಲ. ನೀವು ಮರಳಿನಲ್ಲಿ ಬಿಟ್ಟುಹೋದ ಹೆಜ್ಜೆಯೊಳಗೆ ಇನ್ನೊಬ್ಬರ ಚೆಂಡು ಬಿದ್ದರೆ ಅವರು ಅದನ್ನು ಇದ್ದಲ್ಲಿಂದಲೇ ಹೊಡೆಯಬೇಕು. ಗ್ರೀನ್‌ನತ್ತ ಸಾಗುವ ಹುಲ್ಲಿನ ಹಾದಿಯಾದ ಫೇರ್‌ವೇಯಲ್ಲಿ ನೀವು ಎಬ್ಬಿಸಿದ ಡಿವಟ್‌ನ, ಅಂದರೆ ಹೊಡೆತಕ್ಕೆ ಕಿತ್ತುಬಂದ ಹುಲ್ಲಿನ ತುಂಡಿನ, ಹಳ್ಳಕ್ಕೂ ಇದೇ ಮಾತು. ತಪ್ಪು ಒಬ್ಬರದು, ಶಿಕ್ಷೆ ಮತ್ತೊಬ್ಬರಿಗೆ. ಅದು ಯಾರ ಹೆಜ್ಜೆ ಎಂಬುದೂ ಅವರಿಗೆ ತಿಳಿದಿರುವುದಿಲ್ಲ. ಬಂಕರ್‌ಗೆ ಇಳಿಯುವಾಗ ತಗ್ಗಾದ ಬದಿಯಿಂದ ಇಳಿಯಿರಿ, ಕಡಿದಾದ ಗೋಡೆಯನ್ನು ತುಳಿದು ಕುಸಿಯುವಂತೆ ಮಾಡಬೇಡಿ. ರೇಕ್ ಜೊತೆಗೇ ಒಯ್ದರೆ, ಹೊಡೆದ ಮೇಲೆ ಹಿಂದೆ ಹಿಂದೆ ಬರುತ್ತಾ ಸಮ ಮಾಡಿಕೊಂಡು ಬಂದುಬಿಡಬಹುದು.

ಬಾವುಟದ ಕಂಬವನ್ನು ತೆಗೆಯದೆ ಪಟ್ ಮಾಡಲೂ 2019ರಿಂದ ಅವಕಾಶವಿದೆ. ಒಳ್ಳೆಯದೇ, ಸಮಯ ಉಳಿಯುತ್ತದೆ. ಆದರೆ ಹೋಲ್‌ನೊಳಗೆ ಬಿದ್ದ ಚೆಂಡನ್ನು ಬಗ್ಗಿ ಕೈಯಿಂದ ತೆಗೆಯುವ ಬದಲು ಕಂಬವನ್ನೇ ಸರಕ್ಕನೆ ಎಳೆದು ಚೆಂಡು ಚಿಮ್ಮಿಸುವ ಅಭ್ಯಾಸ ಹಬ್ಬಿದೆ. ಕೆಲವರು ಪಟ್ಟರ್‌ನ ತಲೆಯಿಂದ ಕೆದಕಿ ತೆಗೆಯುತ್ತಾರೆ. 108 ಮಿಲಿಮೀಟರ್ ಅಗಲದ ಆ ಹೋಲ್‌ನ ಅಂಚು ಅಕ್ಕಿಹಿಟ್ಟಿನ ರೊಟ್ಟಿಯ ಅಂಚಿನಷ್ಟು ಸೂಕ್ಷ್ಮ. ಮಧ್ಯಾಹ್ನದ ಹೊತ್ತಿಗೆ ಅದು ಒಂದು ಕಡೆ ಬಾಯಿ ಬಿಟ್ಟಿರುತ್ತದೆ, ಆಮೇಲೆ ಬಂದವರ ನೇರ ಪಟ್ ಅಲ್ಲಿ ತಿರುಗಿ ಹೊರಬೀಳುತ್ತದೆ.

ಹುಲ್ಲಿನ ಮಾತು ಇಷ್ಟು ಸಾಕು, ಮನುಷ್ಯರ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ತಂಡದ ಒಬ್ಬ ಹುಡುಗ 12ನೇ ಫೇರ್‌ವೇಯಲ್ಲಿ ಯಂತ್ರದ ಮೇಲೆ ಕೂತು ಹುಲ್ಲು ಕತ್ತರಿಸುತ್ತಿದ್ದ. ಮೊದಲ ಹೊಡೆತದ ಜಾಗವಾದ ಟೀ ಮೇಲಿದ್ದ ನಾಲ್ವರು ಅವನು ಪಕ್ಕಕ್ಕೆ ಸರಿಯುವವರೆಗೆ ಕಾಯಲಿಲ್ಲ. ಚೆಂಡು ಬಲಕ್ಕೆ ಹೊರಳಿ ಅವನತ್ತ ಹೋಗುವುದು ಕಂಡರೂ ಯಾರೊಬ್ಬರೂ ಎಚ್ಚರಿಸಲು ‘ಫೋರ್’ ಎಂದು ಕೂಗಲಿಲ್ಲ. ಅದು ಅವನ ಮೊಣಕೈಗೆ ಒಂದು ಗೇಣು ದೂರದಲ್ಲಿ ಯಂತ್ರದ ಮುಚ್ಚಳಕ್ಕೆ ಬಡಿದು ತಗಡು ತಗ್ಗಾಯಿತು. ನಾನು ಹೋಗಿ ಕೇಳಿದಾಗ ಅವರಲ್ಲಿ ಒಬ್ಬರು, ‘ಅಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ’ ಎಂದರು. ಹುಡುಗನ ಕೈ ಇನ್ನೂ ನಡುಗುತ್ತಿತ್ತು. ಅವನ ಬಳಿ ಬಂದು ಪೆಟ್ಟಾಯಿತೇ ಎಂದು ಕೇಳಿದ್ದು ಆ ಆಟಗಾರರಲ್ಲ, ಅವರ ಕ್ಯಾಡಿ.

2018ರಲ್ಲಿ ಪ್ಯಾರಿಸ್ ಬಳಿ ನಡೆದ, ಯುರೋಪ್ ಮತ್ತು ಅಮೆರಿಕ ತಂಡಗಳ ಪಂದ್ಯವಾದ ರೈಡರ್ ಕಪ್‌ನಲ್ಲಿ ಜಗತ್ತಿನ ಅಗ್ರ ಆಟಗಾರರೊಬ್ಬರ ಚೆಂಡು ತಗುಲಿ ಪ್ರೇಕ್ಷಕಿಯೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಅಂಥವರ ಚೆಂಡೇ ದಾರಿ ತಪ್ಪುವಾಗ ವಾರಕ್ಕೊಮ್ಮೆ ಆಡುವವರು ಎಷ್ಟು ಎಚ್ಚರವಾಗಿರಬೇಕು! ಕೂಗಲು ನಾಚಿಕೆ ಬೇಡ, ಹೊಟ್ಟೆಯಿಂದ ಕೂಗಿ. ಕೂಗು ಕೇಳಿದವರೂ ಚೆಂಡು ಎಲ್ಲಿದೆ ಎಂದು ತಲೆಯೆತ್ತಿ ನೋಡಬಾರದು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಬಗ್ಗಿಬಿಡಬೇಕು.

ನಿಧಾನದ ಆಟದ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ಕಳೆದ ಚೆಂಡನ್ನು ಹುಡುಕಲು ಈಗ ಇರುವುದು 3 ನಿಮಿಷ, ಮೊದಲಿನ 5 ಅಲ್ಲ. ಸರದಿ ಬಂದು, ಅಡ್ಡಿ ಇಲ್ಲದಿದ್ದಾಗ 40 ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮವೇ ಸಲಹೆ ಮಾಡುತ್ತದೆ. ಹಿಂದಿನ ತಂಡ ಕಾಯುತ್ತಿದ್ದು ನಿಮ್ಮ ಮುಂದೆ ಖಾಲಿ ಇದ್ದರೆ, ಕೈ ಬೀಸಿ ಅವರನ್ನು ಮುಂದೆ ಬಿಡಿ.

ಈ ನಡವಳಿಕೆಗೆಲ್ಲ ಸಾಮಾನ್ಯವಾಗಿ ದಂಡದ ಹೊಡೆತವಿಲ್ಲ, ಅಂದರೆ ಆಟಗಾರನ ಲೆಕ್ಕಕ್ಕೆ ಹೊಡೆತ ಸೇರಿಸುವುದಿಲ್ಲ. ಸ್ಥಳೀಯ ಸಮಿತಿ ನೀತಿ ಸಂಹಿತೆ ಮಾಡಿಕೊಂಡಿದ್ದರೆ ಮಾತು ಬೇರೆ. ಹಾಗೆಂದು ಇದು ನಿಯಮದ ಹೊರಗಿನ ವಿಷಯವಲ್ಲ. ಹಿಂದೆ ಪುಸ್ತಕದ ಆರಂಭದಲ್ಲಿ ಬೇರೆಯೇ ಅಧ್ಯಾಯವಾಗಿದ್ದ ಸಭ್ಯತೆ 2019ರಲ್ಲಿ ನಿಯಮ 1.2 ಆಗಿ ನಿಯಮಗಳ ಒಳಗೇ ಬಂದು ಸೇರಿತು: ಪ್ರಾಮಾಣಿಕವಾಗಿ ಆಡುವುದು, ಬೇರೆಯವರ ಬಗ್ಗೆ ಕಾಳಜಿ ತೋರುವುದು, ಮೈದಾನವನ್ನು ಜೋಪಾನ ಮಾಡುವುದು. ಗಂಭೀರವಾದ ದುರ್ನಡತೆಗೆ ಸ್ಪರ್ಧೆಯಿಂದಲೇ ಹೊರಹಾಕುವ ಅಧಿಕಾರ ಸಮಿತಿಗಿದೆ.

2021ರ ಏಪ್ರಿಲ್‌ನಲ್ಲಿ ಹಿಡೆಕಿ ಮತ್ಸುಯಾಮ, ಮೇಜರ್ ಎನಿಸಿದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದಾದ ಮಾಸ್ಟರ್ಸ್ ಗೆದ್ದರು. ಜಪಾನಿನ ಪುರುಷ ಆಟಗಾರರೊಬ್ಬರು ಮೇಜರ್ ಗೆದ್ದದ್ದು ಅದೇ ಮೊದಲು. ಟಿವಿಯ ಮುಂದೆ ಕೂತಿದ್ದ ನಾನು ಗೆದ್ದವರನ್ನು ನೋಡಲಿಲ್ಲ, ಅವರ ಕ್ಯಾಡಿ ಶೋಟಾ ಹಯಾಫುಜಿ ಅವರನ್ನೇ ನೋಡುತ್ತಿದ್ದೆ. ಅವರು ಬಾವುಟದ ಕಂಬವನ್ನು 18ನೇ ಹೋಲ್‌ಗೆ ಮರಳಿ ಇಟ್ಟು, ಟೋಪಿ ತೆಗೆದು, ಫೇರ್‌ವೇಯ ಕಡೆ ತಿರುಗಿ ತಲೆಬಾಗಿದರು. ನನಗೆ ಆ ಕ್ಷಣ ಗಂಟಲು ಕಟ್ಟಿತು. ಆ ಹಸಿರಿನ ಹಿಂದೆ ಬೆಳಗಿನ ಜಾವಕ್ಕೆ ಎದ್ದ ಎಷ್ಟು ಕೈಗಳಿವೆ ಎಂದು ಚೀಲ ಹೊತ್ತವರಿಗೆ ಗೊತ್ತಿರುತ್ತದೆ.

ನಾನು ಕ್ಯಾಡಿಯಾಗಿದ್ದಾಗ ಒಬ್ಬ ಹಿರಿಯರು ಪ್ರತಿ ಗ್ರೀನ್‌ನಲ್ಲಿ ತಮ್ಮದೊಂದು ಗುಳಿ, ಬೇರೆಯವರದು ಇನ್ನೆರಡು ಸರಿಪಡಿಸಿಯೇ ಮುಂದೆ ಹೋಗುತ್ತಿದ್ದರು. ಮಂಡಿನೋವು ಹೆಚ್ಚಾಗಿ ಬಗ್ಗಲಾಗದ ಮೇಲೆ ಫೋರ್ಕನ್ನು ನನ್ನ ಕೈಗೆ ಕೊಟ್ಟು, ‘ಅದೊಂದು, ಅಲ್ಲಿ ಇನ್ನೊಂದು’ ಎಂದು ತೋರಿಸುತ್ತಿದ್ದರು. ಮೀಟಬಾರದು, ದೂಡಬೇಕು ಎಂದು ಕಲಿಸಿಕೊಟ್ಟವರೂ ಅವರೇ. ಆ ಫೋರ್ಕ್ ಈಗಲೂ ನನ್ನ ಜೇಬಿನಲ್ಲಿದೆ.

ಸಂಪಾದಕರೇ, ಆ ಲೇಖನಮಾಲೆ ಮುಂದುವರಿಯುವುದಾದರೆ ಭುಜ ತಿರುಗಿಸುವ ಚಿತ್ರಗಳ ಪಕ್ಕದಲ್ಲಿ ಗುಳಿ ಮುಚ್ಚುವ ಕೈಯ ಚಿತ್ರವನ್ನೂ ಒಂದು ಹಾಕಿ. ನಿಮ್ಮ ಛಾಯಾಗ್ರಾಹಕರನ್ನು ಯಾವುದಾದರೂ ಸೋಮವಾರ ನಸುಕಿನಲ್ಲಿ ಕಳುಹಿಸಿ. ಇಬ್ಬನಿ ಉದುರಿಸುವ ಹೊತ್ತಿಗೆ ಬಂದರೆ ಗುಳಿಗಳನ್ನು ಹುಡುಕಬೇಕಾಗಿಯೇ ಇಲ್ಲ.

ಇಂತಿ,
ಗ್ರೀನ್ ನೋಡಿಕೊಳ್ಳುವ ಒಬ್ಬ ನೌಕರ